ಎಲ್ಲ ತಂತಿಗೂ ತಾಮ್ರ ಯಾಕೆ ಬಳಸುವುದಿಲ್ಲ?

ತಾಮ್ರ ಅಷ್ಟು ಒಳ್ಳೆಯದಾದರೆ ಎಲ್ಲ ತಂತಿಯನ್ನೂ ಅದರಲ್ಲೇ ಯಾಕೆ ಮಾಡುವುದಿಲ್ಲ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಹಳೇ ಹೀಟರ್ ಬುದ್ಧಿ ಕಲಿಸಿತು.

ಅದರ ಕಾಯಿಲ್ ನಡುವೆ ತುಂಡಾಗಿತ್ತು. ಪ್ಲಗ್ ಕಿತ್ತು, ಎರಡು ತುದಿಗೂ ಒಂದಿಂಚು ತಾಮ್ರದ ತಂತಿ ಸುತ್ತಿ ಬಿಗಿದೆ. ಹೀಟರ್ ಕೆಂಪಗೆ ಕಾಯಿತು, ನಾನೂ ಬೀಗಿದೆ. ನಾಲ್ಕೇ ದಿನ. ಬಿಚ್ಚಿ ನೋಡಿದರೆ ತಾಮ್ರ ಕರ್ರಗಾಗಿತ್ತು, ಉಗುರು ತಾಗಿಸಿದರೆ ಸಾಕು, ಸಿಪ್ಪೆ ಸಿಪ್ಪೆಯಾಗಿ ಉದುರುತ್ತಿತ್ತು, ಒಳಗೆ ಕೂದಲೆಳೆಯಷ್ಟೂ ಉಳಿದಿರಲಿಲ್ಲ. ತಾಮ್ರ ತಾನಾಗಿ ಅಷ್ಟು ಕಾಯುವುದಿಲ್ಲ, ಪಕ್ಕದ ಕಾಯಿಲ್ಲಿನ ಬಿಸಿ ಮತ್ತು ನನ್ನ ಸಡಿಲ ಗಂಟು ಸೇರಿ ಅದನ್ನು ತಿಂದುಹಾಕಿದ್ದವು. ಕಾಯಿಲ್ಲಿಗೆ ಮಾತ್ರ ಏನೂ ಆಗಿರಲಿಲ್ಲ. ಅದು ನೈಕ್ರೋಮ್, ಸುಮಾರು 80 ಭಾಗ ನಿಕ್ಕೆಲ್, 20 ಭಾಗ ಕ್ರೋಮಿಯಂ. ಕಾದಾಗ ಅದರ ಮೇಲೂ ಆಕ್ಸೈಡ್ (ಲೋಹ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ಪದರ) ಕೂರುತ್ತದೆ, ಆದರೆ ಅದು ಉದುರದೆ ಅಂಟಿಕೊಂಡೇ ಇದ್ದು ಒಳಗಿನ ಲೋಹಕ್ಕೆ ಗಾಳಿ ತಾಗಲು ಬಿಡುವುದಿಲ್ಲ. ಜೊತೆಗೆ ಕರೆಂಟಿಗೆ ಅದು ಒಡ್ಡುವ ತಡೆ ತಾಮ್ರಕ್ಕಿಂತ 60 ಪಟ್ಟಿಗೂ ಜಾಸ್ತಿ. ಆ ತಡೆಯಿಂದಲೇ ಅಲ್ವಾ ಬಿಸಿ ಬರುವುದು! (ನೀವು ಈ ಗಂಟು ಹಾಕುವ ಕೆಲಸಕ್ಕೆ ಹೋಗಬೇಡಿ, ಸುಮ್ನೆ ಹೊಸ ಕಾಯಿಲ್ ಹಾಕಿಸಿ.)

ಕರೆಂಟ್ ಸಾಗಿಸುವುದಷ್ಟೇ ಕೆಲಸ ಅಂದರೆ ಬೆಳ್ಳಿಯೇ ಮೊದಲು. ತಾಮ್ರ ಅದಕ್ಕಿಂತ ಸ್ವಲ್ಪವೇ ಹಿಂದೆ, ಅಷ್ಟಕ್ಕೋಸ್ಕರ ಬೆಳ್ಳಿಯ ದುಡ್ಡು ಕೊಡುವವರು ಯಾರು? ಅಲ್ಯೂಮಿನಿಯಂ ತಾಮ್ರದ 60 ಪರ್ಸೆಂಟ್‌ನಷ್ಟು ಮಾತ್ರ ಸಾಗಿಸುತ್ತದೆ. ಆದರೆ ತೂಕ ಮೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ, ಹಾಗಾಗಿ ತಂತಿಯನ್ನು ದಪ್ಪ ಮಾಡಿ ಅಷ್ಟೇ ಕರೆಂಟ್ ಸಾಗಿಸಿದರೂ ಒಟ್ಟು ತೂಕ ತಾಮ್ರದ ಅರ್ಧದಷ್ಟೇ ಆಗುತ್ತದೆ. ಟವರಿನಿಂದ ಟವರಿಗೆ ಜೋತುಬೀಳುವ ತಂತಿಗೆ ಇದೇ ದೊಡ್ಡ ಲಾಭ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಅಂಥ ತಂತಿಗಳ ನಡುವೆ ಸಾಮಾನ್ಯವಾಗಿ ಉಕ್ಕಿನ ಎಳೆ ಇರುತ್ತದೆ, ಭಾರ ಹೊರುವುದು ಹೆಚ್ಚಾಗಿ ಅದೇ.

ಮನೆಯೊಳಗೆ ಮಾತ್ರ ನನ್ನ ಓಟು ತಾಮ್ರಕ್ಕೇ. ಅಲ್ಯೂಮಿನಿಯಂ ಸ್ಕ್ರೂ ಕೆಳಗೆ ನಿಧಾನಕ್ಕೆ ಚಪ್ಪಟೆಯಾಗಿ ಸಡಿಲವಾಗುತ್ತದೆ, ಸಡಿಲವಾದ ಕಡೆ ಕಾಯುತ್ತದೆ. ಅದನ್ನೂ ತಾಮ್ರವನ್ನೂ ಬರೀ ಹೊಸೆದು ಜೋಡಿಸಿದರಂತೂ ಗಂಟು ಇನ್ನೂ ಬೇಗ ಕೆಡುತ್ತದೆ.

ಉಳಿದವು ಬೇಗ ಹೇಳಿಬಿಡುತ್ತೇನೆ. ಹಳೇ ಬಲ್ಬಿನ ಎಳೆ ಟಂಗ್‌ಸ್ಟನ್, ಅದು ಕರಗಲು 3,400 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಪಿಯಾನೋ ತಂತಿ ಕಾರ್ಬನ್ ಜಾಸ್ತಿ ಇರುವ ಉಕ್ಕು, ಎಷ್ಟು ಎಳೆದು ಬಿಗಿದರೂ ತಡೆಯಬೇಕಲ್ಲ. ಫ್ಯೂಸ್ ತಂತಿ ತವರ ಬಳಿದ ತಾಮ್ರವೋ ತವರ-ಸೀಸದ ಮಿಶ್ರಣವೋ ಆಗಿರುತ್ತದೆ, ಸಮಯಕ್ಕೆ ಸರಿಯಾಗಿ ಕರಗಿಹೋಗುವುದೇ ಅದರ ಉದ್ಯೋಗ.

ತಂತಿ ಕೊಳ್ಳುವಾಗ ಬಣ್ಣ ನೋಡಿ ಮಾತ್ರ ನಂಬಬೇಡಿ. ಅಲ್ಯೂಮಿನಿಯಂ ಮೇಲೆ ತೆಳ್ಳಗೆ ತಾಮ್ರ ಹೊದಿಸಿದ್ದೂ ಬರುತ್ತದೆ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ.