ಉತ್ತರ: ಮೊದಲ ಅಡ್ಡಸಾಲಿನ ಉದ್ದ ನೋಡಿ, ಅಂಕಿಗಳನ್ನಲ್ಲ

2 3 1 ಅನ್ನು ಒಂದೊಂದಾಗಿ ಟ್ಯಾಬ್ಲೋಗೆ (ಸಂಖ್ಯೆಗಳನ್ನು ಅಡ್ಡಸಾಲು, ಕಂಬಸಾಲುಗಳಲ್ಲಿ ಜೋಡಿಸುವ ಪಟ್ಟಿ; ಹೊಸ ಸಂಖ್ಯೆ ಮೊದಲ ಅಡ್ಡಸಾಲಿನಲ್ಲಿ ತನಗಿಂತ ದೊಡ್ಡವುಗಳಲ್ಲಿ ಮೊದಲನೆಯದನ್ನು ಕೆಳಸಾಲಿಗೆ ತಳ್ಳಿ ಆ ಜಾಗದಲ್ಲಿ ಕೂರುತ್ತೆ, ಅಂಥದ್ದು ಇಲ್ಲದಿದ್ದರೆ ಸಾಲಿನ ಕೊನೆಯಲ್ಲಿ) ಸೇರಿಸಿದರೆ ಮೊದಲ ಅಡ್ಡಸಾಲಿನಲ್ಲಿ 1 3 ಬರುತ್ತೆ, ಆದರೆ ಮೂಲದಲ್ಲಿ 1 ಇರೋದು 3ರ ನಂತರ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ನಿಮ್ಮ ಲೆಕ್ಕ ಸರಿಯಾಗೇ ಇದೆ. 1961ರಲ್ಲಿ ಶೆನ್‌ಸ್ಟೆಡ್ ಎಂಬ ಸಂಶೋಧಕ ಸಾಧಿಸಿ ತೋರಿಸಿದ್ದು ಆ ಸಾಲಿನ ಉದ್ದದ ಬಗ್ಗೆ, ಅದರಲ್ಲಿರುವ ಅಂಕಿಗಳ ಬಗ್ಗೆ ಅಲ್ಲ: ಆ ಉದ್ದ, ಮೂಲದ ಅತಿ ಉದ್ದದ ಆರೋಹಣ ಉಪಶ್ರೇಣಿಯ (ಮೂಲದ ಕ್ರಮ ಕೆಡಿಸದೆ ಆರಿಸಿದ, ಏರುತ್ತಾ ಹೋಗುವ ಸಂಖ್ಯೆಗಳ) ಉದ್ದಕ್ಕೆ ಸಮ.

ಪ್ರತಿ ಸಂಖ್ಯೆ ಬಂದಾಗ ಯಾವ ಕಂಬಸಾಲಿನಲ್ಲಿ ಕೂತಿತು ಅಂತ ಬರೆದಿಡಿ: 2 ಒಂದನೆಯದರಲ್ಲಿ, 3 ಎರಡನೆಯದರಲ್ಲಿ, 2ನ್ನು ಕೆಳಗೆ ತಳ್ಳಿದ 1 ಮತ್ತೆ ಒಂದನೆಯದರಲ್ಲಿ. ಆ ಸಂಖ್ಯೆಯಲ್ಲಿ ಮುಗಿಯುವ ಅತಿ ಉದ್ದದ ಆರೋಹಣ ಉಪಶ್ರೇಣಿಯ ಉದ್ದ ಅದೇ.

ಉಪಶ್ರೇಣಿಯೇ ಬೇಕಿದ್ದರೆ, ಕೂರುವ ಹೊತ್ತಿಗೆ ಎಡಪಕ್ಕದಲ್ಲಿ ಯಾವುದಿತ್ತು ಅಂತ ಗುರುತು ಹಾಕಿಕೊಳ್ಳಿ. 3 ಬಂದಾಗ ಅಲ್ಲಿದ್ದದ್ದು 2. ಎಡದ್ದು ಯಾವಾಗಲೂ ಚಿಕ್ಕದು, ಮೊದಲೇ ಬಂದದ್ದು ಕೂಡ. ರುಜುವಾತಿನ ಜೀವ ಇಲ್ಲೇ ಇದೆ, ನನಗೆ ತುಂಬಾ ಇಷ್ಟವಾದ ಭಾಗ. ಹಾಗೇ ಹಿಂದಕ್ಕೆ ನಡೆದರೆ 2 3 ಸಿಗುತ್ತೆ.