ಸೆಂಡ್ ಆಫ್ ಭಾಷಣಕ್ಕೆ ಒಂದು ಅಂಕಪಟ್ಟಿ

ನಮಸ್ಕಾರ ಮೇಡಂ. ಹತ್ತನೇ ತರಗತಿಯ ಮಗಳು ಬೀಳ್ಕೊಡುಗೆಯಲ್ಲಿ ಎಲ್ಲರನ್ನೂ ನಗಿಸಬೇಕು, ಆದರೆ ಟೀಚರ್‌ಗಳಿಗೆ ಬೇಜಾರಾಗಬಾರದು, ಏನು ಮಾತಾಡಲಿ ಅಂತ ಕೇಳಿದ್ದೀರಿ.

ಮಕ್ಕಳು ತಮ್ಮನ್ನೇ ತಾವು ಆಡಿಕೊಳ್ಳಲಿ. ಅದಕ್ಕೆ ಅಂಕಪಟ್ಟಿಯ ರೂಪ ತುಂಬಾ ಚೆನ್ನಾಗಿ ಹೊಂದುತ್ತೆ. ನಾವು ಎಸ್ಸೆಸ್ಸೆಲ್ಸಿ ಬರೆದಾಗ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಮಗಳು ತನ್ನ ಇಡೀ ಕ್ಲಾಸಿನ ಅಂಕಪಟ್ಟಿ ಓದಲಿ:

"ಪ್ರಥಮ ಭಾಷೆ ಹರಟೆ, 125ಕ್ಕೆ 125. ಗಣಿತ, ಬೆಲ್ ಹೊಡೆಯೋಕೆ ಇನ್ನೆಷ್ಟು ನಿಮಿಷ ಅಂತ ಲೆಕ್ಕ ಹಾಕೋದು, 99. ವಿಜ್ಞಾನ, ಮುಚ್ಚಳ ತೆಗೆಯದೆ ಪಕ್ಕದವಳ ಡಬ್ಬಿಯಲ್ಲಿ ಚಿತ್ರಾನ್ನ ಇದೆ ಅಂತ ಕಂಡುಹಿಡಿಯೋದು, 100. ಸಮಾಜ, ಒಬ್ಬಳೇ ತಂದ ಜಾಮಿಟ್ರಿ ಬಾಕ್ಸ್ ನಲವತ್ತು ಜನ ಬಳಸೋದು, 100."

ಉಳಿದದ್ದನ್ನು ಗೆಳತಿಯರ ಜೊತೆ ಕೂತು ಬರೆಯಲಿ. ಅವರ ಕ್ಲಾಸಲ್ಲೇ ನಡೆದದ್ದಾದರೆ ನಗು ಜಾಸ್ತಿ.

ಮಿಮಿಕ್ರಿ ಮಾಡೋ ಆಸೆ ಇದ್ದರೆ ಮೊದಲೇ ಹೋಗಿ ಕೇಳಲಿ. ನಮ್ಮ ಸೆಂಡ್ ಆಫ್‌ನಲ್ಲಿ ಒಬ್ಬ ಹುಡುಗ ಹಾಗೆ ಕೇಳಿದ್ದಕ್ಕೆ ಗಣಿತದ ಮೇಷ್ಟ್ರು ತಮ್ಮ ಕನ್ನಡಕವನ್ನೇ ತೆಗೆದುಕೊಟ್ಟಿದ್ದರು. ಅವನು ಅದನ್ನು ಮೂಗಿನ ತುದಿಗೆ ಇಳಿಸಿ, ಸೀಮೆಸುಣ್ಣ ಮುರಿದು ಬೋರ್ಡಿನ ಕಡೆ ತಿರುಗಿದ್ದೇ ತಡ, ಮೇಷ್ಟ್ರೇ ಮೊದಲು ನಕ್ಕಿದ್ದು. ಮೈಬಣ್ಣ, ದಪ್ಪ-ಸಣ್ಣ, ಮಾತಿನ ತೊದಲು, ಇವುಗಳ ತಂಟೆಗೆ ಮಾತ್ರ ಹೋಗೋದು ಬೇಡ.

ಮೂರು ನಿಮಿಷ ಸಾಕು. ಕೊನೇ ಸಾಲಿನಲ್ಲಿ ಗಂಟೆ ಹೊಡೆಯುವವರ, ಬಿಸಿಯೂಟ ಬಡಿಸಿದ ಅಕ್ಕಂದಿರ ಹೆಸರು ಹೇಳಿಸಿ. ಆ ದಿನ ಅವರನ್ನು ವೇದಿಕೆಗೆ ಯಾರೂ ಕರೆಯೋದಿಲ್ಲ ಅಲ್ವಾ?