ಕರಿಕಲ್ಲು ಮತ್ತು ಬಿಳಿ ಗೆರೆ

ಕೆಜಿಎಫ್ ಬಳಿ ಸಿಕ್ಕ, ಬಿಳಿ ಗೆರೆಯಿರುವ ಕರಿಕಲ್ಲು ಮೊದಲು ಲಾವಾ ಆಗಿದ್ದರೆ, ಮತ್ತೆ ಕರಗದೆ ಬೇರೆ ಕಲ್ಲಾದದ್ದು ಹೇಗೆ ಎಂದು ಕೇಳಿದ್ದೀರಿ. ಕರಗಲೇಬೇಕಿಲ್ಲ ಸರ್. ಸುಮಾರು 270 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದು ಗಟ್ಟಿಯಾದ ಬಸಾಲ್ಟ್ ಕಲ್ಲು ಆಳದಲ್ಲಿ ಹೂತುಹೋಗಿ, 500 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ, ಗಟ್ಟಿಯಾಗಿದ್ದುಕೊಂಡೇ ತನ್ನ ಖನಿಜಗಳನ್ನು ಬದಲಿಸಿಕೊಂಡಿತು. ಪೈರಾಕ್ಸೀನ್ ಎಂಬ ಖನಿಜ ಹೋಗಿ ಹಾರ್ನ್‌ಬ್ಲೆಂಡ್ ಎಂಬ ಖನಿಜ ಬಂತು. ಈಗ ಅದು ಆಂಫಿಬೊಲೈಟ್ ಎಂಬ ಕಲ್ಲು. ಹೊಸದಾಗಿ ಒಡೆದ ಮೈಯನ್ನು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಸೂಜಿಯಂಥ ಕಪ್ಪು ಹರಳುಗಳು ಒಂದೇ ದಿಕ್ಕಿಗೆ ಮಲಗಿ ಮಿನುಗಿದರೆ, ಅದು ಒತ್ತಡದ ಗುರುತು.

ನೀವು ನೀರನ್ನು ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ಮಟ್ಟಿಗೆ ಇಲ್ಲಿ ದೊಡ್ಡ ಕೆಲಸಗಾರ ಅದೇ. ಹಾರ್ನ್‌ಬ್ಲೆಂಡಿನ ಹರಳಿನ ರಚನೆಯೊಳಗೇ ನೀರಿನ ಅಂಶ ಸೇರಿರುತ್ತದೆ, ಪೈರಾಕ್ಸೀನಿನಲ್ಲಿ ಅದಿಲ್ಲ. ಅದೇ ಬಿಸಿನೀರು ಬಿರುಕುಗಳಲ್ಲಿ ನುಗ್ಗಿ, ಕರಗಿಸಿಕೊಂಡು ತಂದ ಸಿಲಿಕಾ (ಬೆಣಚಿನ ಮೂಲವಸ್ತು) ಮತ್ತು ಚಿನ್ನವನ್ನು ಬೆಣಚುಕಲ್ಲಿನ ಎಳೆಗಳಾಗಿ ಇಳಿಸಿತು. ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯವರು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಬೆನ್ನಟ್ಟಿ ಇಳಿದದ್ದು ಇಂಥ ಎಳೆಗಳನ್ನೇ!

ನಿಮ್ಮ ಕಲ್ಲಿನ ಬಿಳಿ ಗೆರೆಯನ್ನು ಚಾಕುವಿನ ಮೊನೆಯಿಂದ ಗೀರಿ ನೋಡಿ. ಗೀರು ಬೀಳದಿದ್ದರೆ ಬಹುತೇಕ ಬೆಣಚೇ. ಬಿದ್ದರೆ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜ ಇರಬಹುದು. ಗೀರಿದ ಪುಡಿಯ ಮೇಲೆ ಒಂದು ಹನಿ ನಿಂಬೆರಸ ಬಿಟ್ಟು ಗುಳ್ಳೆ ಏಳುತ್ತದೆಯೇ ನೋಡಿ, ಎದ್ದರೆ ಅದು ಕ್ಯಾಲ್ಸೈಟ್‌ನ ಗುರುತು. ಇಲ್ಲಿ ತಿಳಿಸಿ.